ಗೋವೈದ್ಯ ಬರೆದ ರಾಜಪುತ್ರ

ಸೇಡಂ, ಚಿತ್ತಾಪುರ, ಚಿಂಚೋಳಿಯ ಕಡೆ ಎತ್ತುಗಳಿಗೆ ವರ್ಷದಲ್ಲಿ ಎರಡು ಹಬ್ಬ. ಕಾರಹುಣ್ಣಿಮೆಯ ದಿನ ಕೊಟ್ಟಿಗೆಯ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಮೆರೆಸುತ್ತಾರೆ. ಹದಿನೈದು ದಿನ ಕಳೆದು ಬರುವ ಅಮಾವಾಸ್ಯೆಗೆ ಮಣ್ಣೆತ್ತಿನ ಪೂಜೆ. ಎರೆಮಣ್ಣು ನಾದಿ ಜೋಡೆತ್ತು ಮಾಡಿ, ಅವುಗಳ ಮುಂದೆ ಒಂದು ಗೋದಲಿಯನ್ನೂ ಮಣ್ಣಿನಲ್ಲಿಯೇ ಮಾಡಿಡುವುದುಂಟು. ಪೂಜೆಗೆ ಕುಳಿತ ಮಣ್ಣಿನ ಎತ್ತಿಗೂ ಹಸಿವು ಇದ್ದೀತೆಂಬ ಈ ಎಚ್ಚರ ನನಗೆ ಬಹಳ ಮೆಚ್ಚಿಕೆಯಾದದ್ದು.

ಒಕ್ಕಲು ಮಕ್ಕಳು ದನಗಳನ್ನು ಕಂಡ ಬಗೆ ಇದಾದರೆ, ಇದೇ ನೆಲದ ವಿದ್ವಾಂಸರು ಅವುಗಳನ್ನು ಹೇಗೆ ಕಂಡರು? ಸಾಹಿತ್ಯ ಚರಿತ್ರೆಯನ್ನು ಪಾಠ ಹೇಳುವವನಾದ್ದರಿಂದ ಈ ಪ್ರಶ್ನೆ ನನ್ನನ್ನು ಆಗಾಗ ಕಾಡುತ್ತದೆ.

ವಿದ್ಯೆಗೆ ಈ ಭಾಗದಲ್ಲಿ ಕೊರತೆಯಿರಲಿಲ್ಲ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ನೃಪತುಂಗನ ಹೆಸರು ಕೇಳದ ಕನ್ನಡಿಗನಿಲ್ಲ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳ್ವಿಕೆಯಲ್ಲಿ, ಕ್ರಿ.ಶ. 1058ರಲ್ಲಿ, ದಂಡನಾಯಕ ಮಧುಸೂದನನು ಏರ್ಪಡಿಸಿದ ವ್ಯವಸ್ಥೆಯನ್ನು ಅಲ್ಲಿಯ ಶಾಸನ ಲೆಕ್ಕವಿಟ್ಟು ಹೇಳುತ್ತದೆ: ವೇದ ಕಲಿಯುವವರು 200, ಶಾಸ್ತ್ರ ಕಲಿಯುವವರು 50, ಅವರಿಗೆ ಮೂರು ಮೂರು ಮಂದಿ ಉಪಾಧ್ಯಾಯರು, ಪುಸ್ತಕ ಭಂಡಾರವನ್ನು ನೋಡಿಕೊಳ್ಳಲು ಆರು ಜನ ಸರಸ್ವತೀ ಭಂಡಾರಿಗಳು. ಇಂದಿನ ಎಷ್ಟೋ ಕಾಲೇಜುಗಳಲ್ಲಿ ಗ್ರಂಥಪಾಲಕರ ಒಂದು ಹುದ್ದೆಯೇ ಖಾಲಿ ಬಿದ್ದಿರುತ್ತದೆಂಬುದನ್ನು ನೆನೆದರೆ ಹೊಟ್ಟೆಕಿಚ್ಚಾಗುವ ಸಂಗತಿ! ಆದರೆ ಅಲ್ಲಿ ನಡೆದದ್ದು ವೇದದ ಪಾಠ, ಶಾಸ್ತ್ರದ ಪಾಠ. ದನದ ಮಾತಿಗೆ ಅಲ್ಲಿ ಎಡೆಯಿಲ್ಲ.

ಕಾವ್ಯದಲ್ಲಿ ಎಡೆಯಿತ್ತು. ಸೋಮೇಶ್ವರನ ತಂದೆ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಕ್ರಿ.ಶ. 1031ರಲ್ಲಿ ಕನ್ನಡಕ್ಕೆ ಪಂಚತಂತ್ರವನ್ನು ಕೊಟ್ಟ. ಎಲ್ಲರೂ ಬಲ್ಲ ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನ ಪರಂಪರೆಯನ್ನು ಅವನು ಅನುಸರಿಸಿದ. ಪ್ರಾಣಿಗಳ ಕಥೆಯೆಂದೊಡನೆ ನಮಗೆ ಮೊದಲು ನೆನಪಾಗುವುದು ಪಂಚತಂತ್ರವೇ. ಅದರ ಮೊದಲ ಕಥೆ ಹೇಗೆ ಆರಂಭವಾಗುತ್ತದೆಂಬುದನ್ನು ವಾಚಕರು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ವರ್ತಕನೊಬ್ಬನ ಬಂಡಿ ಎಳೆಯುತ್ತಿದ್ದ ಎತ್ತು ಕಾಡುದಾರಿಯಲ್ಲಿ ಕುಸಿದು ಬೀಳುತ್ತದೆ. ವರ್ತಕನಿಗೆ ಅವಸರ, ಅದನ್ನು ಅಲ್ಲಿಯೇ ಬಿಟ್ಟು ಮುಂದೆ ಸಾಗುತ್ತಾನೆ. ಎತ್ತು ಹುಲ್ಲು ಮೇದು ತಾನಾಗಿಯೇ ಚೇತರಿಸಿಕೊಂಡು ಗುಟುರು ಹಾಕುತ್ತದೆ, ಸಿಂಹ ಬೆದರುತ್ತದೆ, ನರಿಗಳು ಮಾತಿಗೆ ತೊಡಗುತ್ತವೆ. ಕೊನೆಗೆ ನರಿಯ ಚಾಡಿಯಿಂದ ಎತ್ತು ಪ್ರಾಣ ಕಳೆದುಕೊಳ್ಳುತ್ತದೆ. ರಾಜನೀತಿಯ ದೃಷ್ಟಿಯಿಂದ ಕಥೆ ಸೊಗಸಾಗಿದೆ. ಆದರೆ ಬಿದ್ದ ಎತ್ತಿಗೆ ಏನಾಗಿತ್ತು, ಏನು ಮಾಡಿದ್ದರೆ ಅದು ಏಳುತ್ತಿತ್ತು ಎಂಬುದು ಕಥೆಗಾರನಿಗೆ ಬೇಕಾಗಿಲ್ಲ. ಅಲ್ಲಿಯ ಎತ್ತು ಎತ್ತಲ್ಲ, ಕೊಂಬು ಹೊತ್ತ ಮಂತ್ರಿ.

ಆ ಪ್ರಶ್ನೆಯನ್ನು ಕೇಳಿದವನು ಇದೇ ಮನೆತನದಲ್ಲಿ ಹುಟ್ಟಿದ. ಅವನು ಸೋಮೇಶ್ವರನ ಮಗ, ಆರನೆಯ ವಿಕ್ರಮಾದಿತ್ಯನ ಸಹೋದರ ಕೀರ್ತಿವರ್ಮ. ಅವನು ಬರೆದದ್ದು 'ಗೋವೈದ್ಯ'. ದನಗಳ ರೋಗ ಮತ್ತು ಚಿಕಿತ್ಸೆಯನ್ನು ಕುರಿತು ಕನ್ನಡದಲ್ಲಿ ನಮಗೆ ತಿಳಿದಿರುವ ಮೊದಲ ಗ್ರಂಥವಿದು.

ಆ ಅರಮನೆಯ ಪರಿಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಸಿಂಹಾಸನಕ್ಕಾಗಿ ಅಣ್ಣತಮ್ಮಂದಿರು ಸೆಣಸಿದ ಮನೆ ಅದು. ಅಣ್ಣನಾದ ಎರಡನೆಯ ಸೋಮೇಶ್ವರನನ್ನು ಕೆಳಗಿಳಿಸಿ ವಿಕ್ರಮಾದಿತ್ಯನು 1076ರಲ್ಲಿ ಪಟ್ಟವೇರಿದ. ಮುಂದೆ ತಮ್ಮ ಜಯಸಿಂಹನೇ ಅವನ ಮೇಲೆ ತಿರುಗಿಬಿದ್ದ. ವಿಕ್ರಮಾದಿತ್ಯನ ಕೀರ್ತಿಯನ್ನು ಹಾಡಲು ಕಾಶ್ಮೀರದಿಂದ ಬಿಲ್ಹಣ ಬಂದು ಸಂಸ್ಕೃತದಲ್ಲಿ ಮಹಾಕಾವ್ಯ ರಚಿಸಿದ. ಅಂಥ ಮನೆಯ ಮಗನೊಬ್ಬನು ಕನ್ನಡವನ್ನು ಆರಿಸಿಕೊಂಡು, ಬಾಯಿಲ್ಲದ ಪಶುವಿನ ನೋವನ್ನು ವಸ್ತುವಾಗಿ ಹಿಡಿದನೆಂಬುದು ಸಾಮಾನ್ಯ ಸಂಗತಿಯಲ್ಲ. ಕೀರ್ತಿವರ್ಮನ ಬಿರುದುಗಳಲ್ಲಿ 'ವೈರಿಕರಿಹರಿ' ಎಂಬುದೊಂದು. ಶತ್ರುಗಳೆಂಬ ಆನೆಗಳಿಗೆ ಸಿಂಹ ಎಂದರ್ಥ. ಇಂಥದು ಆ ಕಾಲದ ಎಲ್ಲ ರಾಜಕುಮಾರರಿಗೂ ಸಿಕ್ಕುತ್ತಿತ್ತು. 'ವೈದ್ಯರತ್ನಪಾಲ' ಎಂಬುದು ಇನ್ನೊಂದು. ಇದು ಮಾತ್ರ ಅವನು ದುಡಿದು ಸಂಪಾದಿಸಿದ್ದೆಂದು ನನ್ನ ಭಾವನೆ.

ಗ್ರಂಥದಲ್ಲಿ ಮದ್ದಿನ ಜೊತೆಗೆ ಮಂತ್ರವೂ ಇದೆ. ಹಳೆಯ ವಿಮರ್ಶಕರು ಇದನ್ನು ಕಂಡು ಮುಗುಳ್ನಕ್ಕದ್ದುಂಟು. ನನಗೆ ನಗು ಬರುವುದಿಲ್ಲ. ಮಲಗಿದ ಎತ್ತಿನ ಪಕ್ಕದಲ್ಲಿ ರಾತ್ರಿಯೆಲ್ಲಾ ಲಾಟೀನು ಹಿಡಿದು ಕುಳಿತ ಒಕ್ಕಲು ಮಗ ಮದ್ದನ್ನೂ ಅರೆಯುತ್ತಾನೆ, ಮನೆದೇವರಿಗೆ ಹರಕೆಯನ್ನೂ ಹೊರುತ್ತಾನೆ. ಒಂದು ಎತ್ತು ಸತ್ತರೆ ಇನ್ನೊಂದು ಎತ್ತು ಒಂಟಿ, ಹೊಲ ಬೀಳು.

ಒಮ್ಮೆ ತರಗತಿಯಲ್ಲಿ ಈ ವಿಷಯ ಹೇಳುತ್ತಿದ್ದಾಗ ಸೇಡಂ ಕಡೆಯ ಹುಡುಗನೊಬ್ಬ ಎದ್ದು, "ಸರ, ದನದ ಔಷಧ ಬರದದ್ದೂ ಸಾಹಿತ್ಯ ಏನ್ರಿ?" ಎಂದು ಕೇಳಿದ. ಎಲ್ಲರೂ ನಕ್ಕರು. ನೊಗ ತಗುಲಿ ಎತ್ತಿನ ಹೆಗಲು ಬಾತರೆ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಎಂದು ನಾನು ಮರುಪ್ರಶ್ನೆ ಹಾಕಿದೆ. ಅರಿಸಿನ, ಎಣ್ಣೆಯಿಂದ ಆರಂಭಿಸಿದ ಹುಡುಗ ಮಾತು ನಿಲ್ಲಿಸಲಿಲ್ಲ. ಅವನ ಮನೆಯಲ್ಲಿ ದೇವಣಿ ತಳಿಯ ಜೋಡೆತ್ತುಗಳಿದ್ದವು. ಅಜ್ಜಿ ಹೇಗೆ ಎತ್ತಿನ ಕಿವಿ ಮುಟ್ಟಿ ಜ್ವರ ಹೇಳುತ್ತಾಳೆ, ಯಾವ ದಿನ ಮೇವು ಬಿಟ್ಟರೆ ಯಾವ ರೋಗ ಎಂಬುದೆಲ್ಲ ಬಂತು. ಎರಡು ವರ್ಷ ಬಾಯಿ ಬಿಡದೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಹುಡುಗ ಅವನು. ಮನೆಯಲ್ಲಿ ಕಲಿತದ್ದು ವಿದ್ಯೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹಾಗೆ ಹೇಳಿದವರು ಶರಣರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ತುರುಗಾಹಿ ರಾಮಣ್ಣನೆಂಬ ವಚನಕಾರನಿದ್ದ. ತುರು ಎಂದರೆ ಹಸು. ತುರುಗಾಹಿ ಎಂದರೆ ದನ ಕಾಯುವವನು. ಕೀರ್ತಿವರ್ಮ ಮೇಲಿನಿಂದ ಇಳಿದು ಕೊಟ್ಟಿಗೆಗೆ ಬಂದ. ರಾಮಣ್ಣ ಕೊಟ್ಟಿಗೆಯಲ್ಲಿಯೇ ಇದ್ದವನು. ಶರಣನಾದ ಮೇಲೂ ಅವನು ಕೋಲು ಕೆಳಗಿಡಲಿಲ್ಲ. ದನ ಕಾಯುವುದೇ ಅವನ ಕಾಯಕ. ಗೋಪತಿನಾಥ ವಿಶ್ವೇಶ್ವರಲಿಂಗ ಎಂಬ ಅವನ ಅಂಕಿತದಲ್ಲಿಯೂ ಗೋವುಗಳ ಒಡೆಯನೇ ದೇವರು. ತುರುಗಳನ್ನು ಕಳ್ಳರಿಂದ ಬಿಡಿಸಿ ಸತ್ತವರಿಗೆ ಕನ್ನಡ ನಾಡು ಊರೂರಿಗೆ ವೀರಗಲ್ಲು ನಿಲ್ಲಿಸಿತು. ದಿನವೂ ಅವುಗಳನ್ನು ಮೇಯಿಸಿ ಸಂಜೆಗೆ ಕ್ಷೇಮವಾಗಿ ಮನೆಗೆ ತಂದವನಿಗೆ ಕಲ್ಲಿಲ್ಲ. ರಾಮಣ್ಣನ ವಚನಗಳಿವೆಯಲ್ಲ ಎಂಬುದೇ ನಮಗೆ ಸಮಾಧಾನ.

ವಾಡಿಯಲ್ಲಿ ರೈಲಿನಿಂದಿಳಿದರೆ ಈಗ ಮೊದಲು ಕಣ್ಣಿಗೆ ಬೀಳುವುದು ಸಿಮೆಂಟಿನ ಚಿಮಣಿ; ಶಹಾಬಾದದ ಕಡೆಗೆ ಹೋದರೆ ಹಾಸುಗಲ್ಲಿನ ಗಣಿ. ತೊಗರಿ ಹೊಲಗಳಿಗೆ ಟ್ರ್ಯಾಕ್ಟರು ಬಂದಿದೆ. ಜೋಡೆತ್ತು ಕಟ್ಟುವ ಮನೆಗಳು ಕಡಿಮೆಯಾಗಿವೆ. ಕರ್ನಾಟಕ ಸರ್ಕಾರ ಪಶುವೈದ್ಯಕ್ಕೆಂದು ಒಂದು ವಿಶ್ವವಿದ್ಯಾಲಯವನ್ನು 2005ರಲ್ಲಿ ಆರಂಭಿಸಿದ್ದು ಬೀದರದಲ್ಲಿ. ಕೀರ್ತಿವರ್ಮನ ಮನೆತನ ಆಳಿದ, ರಾಮಣ್ಣ ದನ ಕಾಯ್ದ ಕಲ್ಯಾಣ ಇರುವುದು ಅದೇ ಜಿಲ್ಲೆಯಲ್ಲಿ. ನನ್ನ ಆ ವಿದ್ಯಾರ್ಥಿ ಬಿ.ಎ. ಮುಗಿಸಿ ಊರಿಗೆ ಮರಳಿದ. ಅಜ್ಜಿಯ ಮದ್ದುಗಳನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದಾನೆಂದು ಮೊನ್ನೆ ಅವನ ಗೆಳೆಯರು ಹೇಳಿದರು. ಎಪ್ಪತ್ತು ಪುಟ ತುಂಬಿದೆಯಂತೆ.