ಸರಾಸರಿ: ತಲೆಯಿಂದ ತಲೆಗೆ

ಹುನಗುಂದದ ಎರೆಹೊಲದ ಬದುವಿನಲ್ಲಿ ನಿಂತು ಬಿಳಿಜೋಳದ ಮಾತೆತ್ತಿದರೆ ‘ಸರಾಸರಿ ಹಿಡದ್ರ ಎಕರೆಕ್ಕ ಆರೇಳು ಚೀಲ ಆದಾವ್ರಿ’ ಎಂಬಂಥ ಉತ್ತರ ಬರುತ್ತದೆ. ಯಾರೂ ಕೂಡಿಸಿ ಭಾಗಿಸಿಲ್ಲ. ಅಂದಾಜು, ಅಜಮಾಸುಗಳ ಪಂಕ್ತಿಯಲ್ಲೇ ಕೂತ ಸರಾಸರಿ ಇದು. ಪದಪ್ರಿಯರಾದ ನಮಗೆ ಆ ‘ಹಿಡಿ’ಯೂ ರುಚಿಯೇ: ಶಾಲೆಯಲ್ಲಿ ಸರಾಸರಿ ಕಂಡುಹಿಡಿಯುತ್ತೇವೆ, ಕಚೇರಿಯಲ್ಲಿ ತೆಗೆಯುತ್ತೇವೆ, ಹೊಲದಲ್ಲಿ ಬರೀ ಹಿಡಿಯುತ್ತೇವೆ.

ಮೂಲ ಪಾರಸಿಯ ‘ಸರಾಸರ್’. ‘ಸರ್’ ಎಂದರೆ ತಲೆ. ತಲೆಯಿಂದ ತಲೆಗೆ, ಈ ತುದಿಯಿಂದ ಆ ತುದಿಗೆ, ಒಟ್ಟಾರೆ. ಸರ್ಕಾರ, ಸರದಾರ, ಸರಹದ್ದುಗಳೊಳಗೂ ಅದೇ ತಲೆ. ಆದಿಲಶಾಹಿ, ಪೇಶ್ವೆ, ಮುಂಬಯಿ ಪ್ರಾಂತಗಳ ದಫ್ತರಗಳನ್ನು ಒಂದಾದಮೇಲೊಂದು ಕಂಡ, 1997ರವರೆಗೆ ವಿಜಾಪುರ ಜಿಲ್ಲೆಯೊಳಗಿದ್ದ ಬಾಗಲಕೋಟೆ-ಬಾದಾಮಿ ಸೀಮೆಯ ಬಾಯಲ್ಲಿ ಅದು ಮರಾಠಿಯೊಡನೆ ಪಳಗಿತು. ಅದಕ್ಕೂ ಹಿಂದೆ ಸಂಸ್ಕೃತ ಗಣಿತದಲ್ಲಿ ಈ ಕೆಲಸ ‘ಸಮ’ದ್ದು: ಅಗೆದ ಹೊಂಡದ ಏರುಪೇರು ಅಳತೆಗಳನ್ನು ಒಂದೇ ಮಟ್ಟಕ್ಕೆ ತರುವ ಬ್ರಹ್ಮಗುಪ್ತನ ಸಮರಜ್ಜು, ಭಾಸ್ಕರನ ಸಮಮಿತಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ಸಮೀಕರಣ. ಕೊನೆಯದು ಈಗ ಬೀಜಗಣಿತದ ಸೊಸೆ. ಅಚ್ಚಗನ್ನಡದ ತಲೆಯೂ ಸುಮ್ಮನಿರಲಿಲ್ಲ, ‘ತಲಾ ಆದಾಯ’ದಲ್ಲಿ ಕೂತಿದೆ.

ಈಗ ಪದ ಕಂಪ್ಯೂಟರಿನ ಕೋಶ ಹೊಕ್ಕಿದೆ. ಇಳಕಲ್ಲದ ಒಂದು ಮಗ್ಗದಲ್ಲಿ ಐದು ಸೀರೆಗಳಿಗೆ 4, 4, 5, 5, 12 ದಿನ ಹಿಡಿದವೆನ್ನೋಣ. ಕೊನೆಯದಕ್ಕೆ ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕುವಲ್ಲೇ ತಡವಾಯಿತು. ಸರಾಸರಿ 6. ಆದರೆ ಆರು ದಿನಕ್ಕೆ ಇಳಿದ ಸೀರೆ ಒಂದೂ ಇಲ್ಲ. ಮಧ್ಯಾಂಕ 5, ಮಗ್ಗದವರಿಗೆ ಒಪ್ಪುವ ಸಂಖ್ಯೆ. ಬಹುಲಕ 4 ಮತ್ತು 5 ಎರಡೂ. ಎಕ್ಸೆಲ್‌ನ ಸಾದಾ ಸೂತ್ರ ಮಾತ್ರ ಮೊದಲು ಕಂಡ 4ನ್ನು ಹೇಳಿ ಸುಮ್ಮನಾಗುತ್ತದೆ.

ಮಾನಕ ವಿಚಲನೆ ಕೇಳಿದರೆ ಉತ್ತರ ಎರಡು. ಸರಾಸರಿಯಿಂದ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತ 46. ಅದನ್ನು 5ರಿಂದ ಭಾಗಿಸಿ ವರ್ಗಮೂಲ ತೆಗೆದರೆ 3.03, 4ರಿಂದಾದರೆ 3.39. ಮೊದಲನೆಯದು, ಎಕ್ಸೆಲ್‌ನ ‘ಪಿ’ ಬಾಲದ ಸೂತ್ರ, ನೇಯ್ದದ್ದೇ ಈ ಐದು ಎಂದು ನಂಬುತ್ತದೆ: ತುದಿಯಿಂದ ತುದಿಗೆ, ಪಾರಸಿಯ ಸರಾಸರ್. ‘ಎಸ್’ ಬಾಲದ್ದು ಇವು ಬರೀ ಮಾದರಿ, ಮಗ್ಗದ ಉಳಿದ ಸೀರೆಗಳನ್ನು ಇವುಗಳಿಂದ ಊಹಿಸಬೇಕು ಎಂದು ಬಗೆದು ಎಣಿಕೆಯಲ್ಲಿ ಒಂದನ್ನು ಬಿಟ್ಟುಕೊಡುತ್ತದೆ: ಅಜಮಾಸಿನ ಸರಾಸರಿ. ಐನೂರು ಸೀರೆಗಳಾದರೆ ಅಂತರ ಕೂದಲೆಳೆಯಷ್ಟು. ಐದೇ ಇದ್ದಾಗ ಯಾವ ಸೂತ್ರ ಹಾಕಿದೆವೆಂದು ಪಕ್ಕದ ಕೋಶದಲ್ಲಿ ಬರೆದಿಡುವುದು ಲೇಸು.