ತೆಂಕಣ ದಿಸೆಯ ಸೂತ್ರಧಾರಿ

ಯುರೋಪಿನ ಪುನರುಜ್ಜೀವನ ಯುಗದ ಚರಿತ್ರೆಯನ್ನೋದಿದ ವಾಚಕರಿಗೆ ಲಿಯೋನ್ ಬತ್ತಿಸ್ತ ಆಲ್ಬೆರ್ತಿಯ (1404–1472) ಹೆಸರು ಅಪರಿಚಿತವಲ್ಲ. ವಾಸ್ತುವನ್ನು ಕುರಿತು ಹತ್ತು ಪ್ರಕರಣಗಳ ಲ್ಯಾಟಿನ್ ಗ್ರಂಥವನ್ನು ರಚಿಸಿ, ವಾಸ್ತುವಿದನೇ ನಿಜವಾದ ಕರ್ತೃ, ಬಡಗಿಯ ಕೈ ಅವನಿಗೊಂದು ಉಪಕರಣ ಮಾತ್ರ ಎಂದು ಪ್ರತಿಪಾದಿಸಿದವನು ಆತ. ಆ ಗ್ರಂಥವು 1485ರಲ್ಲಿ ಅಚ್ಚಾಯಿತು. ಕಟ್ಟುವವನಿಗೆ ಹೆಸರೂ ವಿದ್ವಾಂಸನೆಂಬ ಮನ್ನಣೆಯೂ ಮೊದಲು ದೊರೆತುದು ಅಲ್ಲಿಯೇ, ನಮ್ಮ ಶಿಲ್ಪಿಗಳೆಲ್ಲ ಅನಾಮಧೇಯರು ಎಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಹಿಂಜವಾಡಿಯ ಗಣಕೋದ್ಯಮದ ಕಚೇರಿಗಳಲ್ಲಿ ‘ಆರ್ಕಿಟೆಕ್ಟ್’ ಎಂಬ ಪದವಿಯನ್ನು ಹೊತ್ತು ದುಡಿಯುವ ಕನ್ನಡಿಗ ಮಿತ್ರರ ಬಾಯಲ್ಲಿಯೂ ಇದನ್ನು ಕೇಳಿದ್ದೇನೆ. ಪಟ್ಟದಕಲ್ಲಿನ ಶಾಸನಗಳು ಬೇರೆಯೇ ಮಾತನ್ನು ಹೇಳುತ್ತವೆ.

ಬಾದಾಮಿ ಚಾಳುಕ್ಯರ ಇಮ್ಮಡಿ ವಿಕ್ರಮಾದಿತ್ಯನು (ಆಳ್ವಿಕೆ ಸು. 733–744) ಕಂಚಿಯನ್ನು ಮೂರು ಸಲ ಗೆದ್ದುದರ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿಯು ಮಲಪ್ರಭೆಯ ದಡದಲ್ಲಿ ಲೋಕೇಶ್ವರ ದೇಗುಲವನ್ನು ಎತ್ತಿಸಿದಳು. ಇಂದು ಅದನ್ನು ವಿರೂಪಾಕ್ಷವೆಂದು ಕರೆಯುತ್ತೇವೆ. ಅಲ್ಲಿನ ಕನ್ನಡ ಶಾಸನವು ಅದನ್ನು ಕಟ್ಟಿದ ಸೂತ್ರಧಾರಿಯನ್ನು ಹೆಸರಿಸುತ್ತದೆ: ಅನಿವಾರಿತಾಚಾರಿ ಎಂಬ ಬಿರುದಿನ ಗುಂಡ. ಅರಸನು ಅವನಿಗೆ ‘ತ್ರಿಭುವನಾಚಾರಿ’ ಎಂಬ ಹೆಸರನ್ನಿತ್ತು, ‘ಮೂಮೆ ಪೆರ್ಜೆರೆಪು’ ಎಂಬ ಪಟ್ಟವನ್ನು ಕಟ್ಟಿದನು. ಇನ್ನೊಂದು ಶಾಸನವು ಸರ್ವಸಿದ್ಧಿ ಆಚಾರಿಯನ್ನು ಸ್ತುತಿಸುತ್ತದೆ. ಅವನು ಸಕಲ ಗುಣಗಳಿಗೆ ಆಶ್ರಯ; ಮಾತಿನಲ್ಲಿ ಪರಿಪೂರ್ಣ; ವಾಸ್ತು, ಪ್ರಾಸಾದ, ಯಾನ, ಆಸನ, ಶಯನಗಳ ರಚನೆಯಲ್ಲಿ ನಿಪುಣ; ಮಣಿಮಕುಟ, ಚೂಡಾಮಣಿಗಳನ್ನೂ ಬಲ್ಲವನು. ಕಲ್ಲು ಕಡಿಯುವವನ ಮಾತುಗಾರಿಕೆಯನ್ನು ಹೊಗಳುವ ಅಗತ್ಯ ಶಾಸನ ಬರೆಯಿಸಿದವರಿಗೆ ಕಂಡಿತೆಂಬುದು ನನಗೆ ಬಹು ಮಹತ್ತ್ವದ ಸಂಗತಿಯಾಗಿ ತೋರುತ್ತದೆ. ಇದು ಆಲ್ಬೆರ್ತಿಗೆ ಏಳು ಶತಮಾನಗಳ ಹಿಂದಿನ ಮಾತು.

ಇದೇ ಶಾಸನವು ಅವನನ್ನು ‘ತೆಂಕಣ ದಿಸೆಯ ಸೂತ್ರಧಾರಿ’ ಎನ್ನುತ್ತದೆ. ವಿವಾದ ಹುಟ್ಟಿದುದು ಈ ಪದಪುಂಜದಿಂದ. ಫ್ಲೀಟರು ಇದನ್ನು ದಕ್ಷಿಣ ದೇಶವೆಂದು ಅರ್ಥೈಸಿದರು. ವಿರೂಪಾಕ್ಷಕ್ಕೂ ಕಂಚಿಯ ಕೈಲಾಸನಾಥಕ್ಕೂ ಇರುವ ಹೋಲಿಕೆಯನ್ನು ಇದರೊಡನೆ ಜೋಡಿಸಿ, ವಿಜಯಿಯಾದ ಅರಸನು ಪಲ್ಲವ ಶಿಲ್ಪಿಗಳನ್ನು ಕರೆತಂದನೆಂದು ಹಲವರು ಊಹಿಸಿದರು. ಆದರೆ ‘ದಿಸೆ’ ಎಂದರೆ ಮಗ್ಗುಲೂ ಆಗಬಹುದು. ಅದೇ ಊರಿನ ಪಾಪನಾಥ ಗುಡಿಯ ಶಾಸನದಲ್ಲಿ, ಸರ್ವಸಿದ್ಧಿ ಆಚಾರಿಗಳ ಪರಂಪರೆಯವನಾದ ರೇವಡಿ ಓವಜ್ಜನೂ ತೆಂಕಣ ದೆಸೆಯನ್ನು ಮಾಡಿದವನೆಂದಿದೆ. ಒಬ್ಬ ಮನುಷ್ಯ ಒಂದು ದೇಶವನ್ನು ಮಾಡಲಾರ, ಕಟ್ಟಡದ ಒಂದು ಪಾರ್ಶ್ವವನ್ನು ಮಾಡಬಲ್ಲ! ಕೆಲಸವನ್ನು ಮಗ್ಗುಲುಗಳಾಗಿ ಹಂಚಿಕೊಂಡಿದ್ದರೆಂದು ಗ್ರಹಿಸಿದರೆ ಗುಂಡನೂ ಸರ್ವಸಿದ್ಧಿಯೂ ಬೇರೆ ಬೇರೆ ವ್ಯಕ್ತಿಗಳೆಂಬ ಪಕ್ಷವೂ ಬಲಗೊಳ್ಳುತ್ತದೆ; ಇಬ್ಬರೂ ಒಬ್ಬನೇ ಎಂಬವರೂ ಉಂಟು.

ಇಷ್ಟರಿಂದ ಕಂಚಿಯ ಋಣವೇನೂ ಅಳಿಯದು. ವಿಕ್ರಮಾದಿತ್ಯನು ಕಂಚಿಯ ಆ ಗುಡಿಯ ಐಶ್ವರ್ಯವನ್ನು ಕಂಡು, ಕೊಳ್ಳದೆ ದೇವರಿಗೇ ಬಿಟ್ಟನೆಂಬ ಕನ್ನಡ ಶಾಸನ ಅಲ್ಲಿಯೇ ಇದೆ. ಅವನ ಜೊತೆಗಿದ್ದ ಸೂತ್ರಧಾರಿಗಳ ಕಣ್ಣಿಗೆ ಅದರ ಶಿಲ್ಪ ಬೀಳದೆ ಇದ್ದೀತೆ? ಆದರೆ ಬಾದಾಮಿಯ ಮಾಲೆಗಿತ್ತಿ ಶಿವಾಲಯವೂ ಪಟ್ಟದಕಲ್ಲಿನ ಸಂಗಮೇಶ್ವರವೂ ಅದಕ್ಕೆ ಮೊದಲೇ ದ್ರಾವಿಡ ಶೈಲಿಯಲ್ಲಿ ಎದ್ದಿದ್ದವು. ನೋಡಿ ಕಲಿಯುವುದು ಬೇರೆ, ಸೆರೆಯಾಳಾಗಿ ಬರುವುದು ಬೇರೆ.

ಪುಣೆಯ ನಮಗೆ ಈ ಪರಂಪರೆಯ ಮುಂದಿನ ಘಟ್ಟ ಸಮೀಪದಲ್ಲಿಯೇ ಇದೆ. ಚಾಳುಕ್ಯರ ಅನಂತರ ಬಂದ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ವೇರೂಳಿನ ಕೈಲಾಸಕ್ಕೆ ವಿರೂಪಾಕ್ಷವೇ ಮಾದರಿಯೆಂಬುದು ಅನೇಕ ಕಲಾಚರಿತ್ರಕಾರರ ಅಭಿಪ್ರಾಯ. ಕೃಷ್ಣನು ಎಲಾಪುರದಲ್ಲಿ ಮಾಡಿಸಿದ ಆ ದೇಗುಲವನ್ನು ನೋಡಿ ಅದರ ಶಿಲ್ಪಿಯೇ ಬೆರಗಾಗಿ, ಇದನ್ನು ತಾನು ಹೇಗೆ ಮಾಡಿದೆನೆಂದು ಅಚ್ಚರಿಪಟ್ಟನೆಂದು ಕರ್ಕರಾಜನ ಬರೋಡಾ ತಾಮ್ರಪಟವು ವರ್ಣಿಸುತ್ತದೆ. ಅವನ ಹೆಸರನ್ನು ಮಾತ್ರ ಅದು ಹೇಳುವುದಿಲ್ಲ.