ಒಂದು ಪ್ರಕಟಣೆಯ ಬೆಲೆ

ರಾಜ್ಯಗಳ ಪರಸ್ಪರ ವ್ಯವಹಾರದಲ್ಲಿ ಸೈನ್ಯಬಲವೊಂದೇ ಗಣನೆಗೆ ಬರುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಆಡಿದ ಮಾತು, ತೋರಿದ ಠೀವಿ, ಕಳುಹಿದ ರಾಯಭಾರ, ಇವುಗಳಿಗೂ ಬೆಲೆಯುಂಟು. ಇದಕ್ಕೆ ನಾವು ದೂರದ ನಿದರ್ಶನವನ್ನು ಅರಸಬೇಕಾಗಿಲ್ಲ. ಟೀಪೂ ಸುಲ್ತಾನನ ಆಳ್ವಿಕೆಯ ಕಡೆಯ ಎರಡು ವರ್ಷಗಳನ್ನು ನೋಡಿದರೆ ಸಾಕು.

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಸುಲ್ತಾನನು ರಾಜ್ಯದ ಅರ್ಧಭಾಗವನ್ನು ಕಳೆದುಕೊಂಡನು. 3 ಕೋಟಿ 30 ಲಕ್ಷ ರೂಪಾಯಿಗಳ ಹೊರೆಯನ್ನು ಹೊತ್ತನು. ಇಬ್ಬರು ಕುಮಾರರನ್ನು ಒತ್ತೆಯಾಗಿ ಒಪ್ಪಿಸಿದನು. ಇಂಥ ಅರಸನು ಹೊರಗೆ ಮಿತ್ರರನ್ನು ಹುಡುಕಿದುದು ಸಹಜವೇ ಸರಿ. ಆದರೆ ಆ ಮೈತ್ರಿಯ ರುಚಿಯನ್ನು ಆತನು ಮೊದಲೇ ಕಂಡಿದ್ದನು. 1788ರಲ್ಲಿ ಆತನ ಮೂವರು ರಾಯಭಾರಿಗಳು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡಾಗ ಸತ್ಕಾರಕ್ಕೆ ಕೊರತೆಯಿರಲಿಲ್ಲ. ಸೈನ್ಯಸಹಾಯದ ಒಪ್ಪಂದ ಮಾತ್ರ ದೊರೆಯಲಿಲ್ಲ.

1797ರಲ್ಲಿ ಮಂಗಳೂರಿಗೆ ಬಂದ ರಿಪೋ ಎಂಬ ಫ್ರೆಂಚ್ ನಾವಿಕನು, ಮಾರಿಷಸ್ ದ್ವೀಪದಲ್ಲಿ ದೊಡ್ಡ ಸೈನ್ಯವು ಸಿದ್ಧವಾಗಿರುವುದೆಂದು ಸುಲ್ತಾನನನ್ನು ನಂಬಿಸಿದನು. ದೂತರು ಹೊರಟರು. ಅಲ್ಲಿಯ ಗವರ್ನರನಾದ ಮಲಾರ್ತಿಕನ ಬಳಿ ಕೊಡಲು ಸೈನ್ಯವಿರಲಿಲ್ಲ. ಆದುದರಿಂದ ಆತನು ಮಾತನ್ನು ಧಾರಾಳವಾಗಿ ಕೊಟ್ಟನು. ಇಂಗ್ಲಿಷರನ್ನು ಭಾರತದಿಂದ ಹೊರದೂಡಲು ಟೀಪೂ ಫ್ರೆಂಚರ ಮೈತ್ರಿಯನ್ನು ಬಯಸಿರುವನೆಂದೂ, ಇಷ್ಟವುಳ್ಳವರು ಆತನ ಸೇವೆಗೆ ಸೇರಬಹುದೆಂದೂ 1798ರ ಜನವರಿ 30ರಂದು ಬಹಿರಂಗವಾಗಿ ಸಾರಿದನು. ಗುಟ್ಟಾಗಿರಬೇಕಾದುದು ಬೀದಿಯ ಮಾತಾಯಿತು. ಏಪ್ರಿಲಿನಲ್ಲಿ ಮಂಗಳೂರಿನ ದಡಕ್ಕೆ ಇಳಿದವರು ಸುಮಾರು ನೂರು ಮಂದಿ!

ಜೂನ್ ತಿಂಗಳಲ್ಲಿ ಆ ಪ್ರಕಟಣೆಯು ಕಲ್ಕತ್ತೆಯ ವೃತ್ತಪತ್ರಿಕೆಯಲ್ಲಿ ಕಾಣಿಸಿಕೊಂಡಿತು. ಮುಂದೆ ವೆಲ್ಲೆಸ್ಲಿಯೆಂದು ಹೆಸರಾದ ಮಾರ್ನಿಂಗ್ಟನ್ ಪ್ರಭುವು ಆಗತಾನೇ ಗವರ್ನರ್ ಜನರಲ್ ಆಗಿ ಬಂದಿದ್ದನು. ಆತನು ನೂರು ಮಂದಿಗೆ ಹೆದರಿದನೆಂದು ನಾವು ತಿಳಿಯಬೇಕಾಗಿಲ್ಲ. ಭಾರತದಲ್ಲಿ ರಾಜ್ಯವಿಸ್ತಾರಕ್ಕಾಗಿ ಯುದ್ಧ ಹೂಡುವುದು ಬ್ರಿಟಿಷರ ನೀತಿಗೆ ವಿರುದ್ಧವೆಂದು 1784ರ ಪಾರ್ಲಿಮೆಂಟಿನ ಶಾಸನವೇ ಘೋಷಿಸಿತ್ತು. ಯುದ್ಧಾಕಾಂಕ್ಷಿಯಾದವನಿಗೆ ಬೇಕಾಗಿದ್ದುದು ಆತ್ಮರಕ್ಷಣೆಯ ನೆಪವೊಂದೇ. ಅದನ್ನು ಸುಲ್ತಾನನ ಮಿತ್ರನೇ ಅಚ್ಚುಮಾಡಿಸಿ ಒದಗಿಸಿದ್ದನು.

ಮುಂದಿನದೆಲ್ಲ ಬೇಗಬೇಗನೆ ನಡೆಯಿತು. ಸೆಪ್ಟೆಂಬರಿನಲ್ಲಿ ನಿಜಾಮನು ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡನು. ಅಕ್ಟೋಬರಿನಲ್ಲಿ ಹೈದರಾಬಾದಿನ ಫ್ರೆಂಚ್ ನಾಯಕತ್ವದ ಪಡೆಗಳ ಆಯುಧಗಳನ್ನು ಕಿತ್ತುಕೊಂಡರು. ಬೋನಾಪಾರ್ಟನು ಈಜಿಪ್ಟಿಗೇನೋ ಬಂದಿದ್ದನು. ಆದರೆ ಆಗಸ್ಟ್ 1ರಂದು ಅಬುಕಿರ್ ಕೊಲ್ಲಿಯಲ್ಲಿ ನೆಲ್ಸನ್ನನು ಫ್ರೆಂಚ್ ನೌಕಾಬಲವನ್ನು ಮುರಿದಿದ್ದನು. ಬೋನಾಪಾರ್ಟನು ಸುಲ್ತಾನನಿಗೆ ಬರೆದ ಪತ್ರವೂ ಇಂಗ್ಲಿಷರ ಕೈಸೇರಿತು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಸುಲ್ತಾನನು ಕಾದಾಡುತ್ತಲೇ ಮಡಿದನು.

ಆ ಪ್ರಕಟಣೆಯಿಲ್ಲದಿದ್ದರೆ ಯುದ್ಧವೇ ಆಗುತ್ತಿರಲಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ವೆಲ್ಲೆಸ್ಲಿಯ ಹಂಬಲವು ಅಷ್ಟು ಸುಲಭವಾಗಿ ತಣಿಯುವಂಥದಲ್ಲ. ಆದರೆ ಸುಲ್ತಾನನಿಗೆ ಬೇಕಾಗಿದ್ದ ಕಾಲಾವಕಾಶವನ್ನು ಆ ಒಂದು ಹಾಳೆ ಕಸಿದುಕೊಂಡಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಇಲ್ಲಿ ಮಾತನ್ನು ಆಡಿದವನು ಸಮುದ್ರದಾಚೆ ಕ್ಷೇಮವಾಗಿದ್ದನು; ಒಡೆದ ಮುತ್ತು ಮಾತ್ರ ಕಾವೇರಿಯ ದಡದ್ದು. ಪ್ರಬಲರ ನಡುವೆ ಬಾಳಬೇಕಾದ ಯಾವ ರಾಜ್ಯವೇ ಆಗಲಿ, ಶತ್ರುವಿನ ಬಲವನ್ನು ಅಳೆಯುವಷ್ಟೇ ಎಚ್ಚರದಿಂದ ಮಿತ್ರನ ಬಾಯನ್ನೂ ಅಳೆಯಬೇಕೆಂಬುದನ್ನು ನಾವು ಈ ಕಥೆಯಿಂದ ಕಲಿಯಬಹುದು.